ನೋಡುವ ಪಾರ್ಕು, ಆಡುವ ಬಯಲು

ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿನ ಹುತಾತ್ಮರ ಸ್ತೂಪ, ವೀರಸೌಧ ನೋಡಿ ಬರುತ್ತಾರೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದು ಅಲ್ಲೇ. ಊರ ಜನ ಜಾತ್ರೆಗೆ ಸೇರುತ್ತಿದ್ದ ಜಾಗ ಅದು. ಜಾತ್ರೆಗೆ ಬಂದರೆ ತಪ್ಪಿಲ್ಲ, ಬಾವುಟ ಹಿಡಿದು ಬಂದರೆ ತಪ್ಪು ಎಂಬುದು ಅಂದಿನ ಸರಕಾರದ ಲೆಕ್ಕ.

ಆಗ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್. 1926ರಿಂದ 1941ರವರೆಗಿನ ಅವರ ಕಾಲದಲ್ಲೇ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ತೋಟ ಎದ್ದಿತು. ಮೈಸೂರು, ಬೆಂಗಳೂರುಗಳು ಚಂದವಾದವು. ಅವರ ಹೆಸರನ್ನು ನಾವು ಹೆಮ್ಮೆಯಿಂದಲೇ ಹೇಳುತ್ತೇವೆ, ಹೇಳಬೇಕು ಕೂಡ. ವಿದುರಾಶ್ವತ್ಥದ ಬಳಿಕ ಸರ್ದಾರ್ ಪಟೇಲರೊಂದಿಗೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಅವಕಾಶ ಸಿಕ್ಕಿತು. ಆದರೆ ಆ ಇತಿಹಾಸ ಒಂದು ಮಾತು ಹೇಳುತ್ತದೆ: ಚಂದದ ತೋಟ ಕಟ್ಟಿಸಿಕೊಟ್ಟ ಮಾತ್ರಕ್ಕೆ ಆ ಜಾಗ ಜನರದ್ದು ಎಂದು ಒಪ್ಪಿಕೊಂಡ ಹಾಗಾಗುವುದಿಲ್ಲ.

ನಮ್ಮ ಪಾರ್ಕುಗಳಲ್ಲಿ ಆಟ ಬೆಳೆದ ಕತೆಯೂ ಹೀಗೇ ಉಂಟು. ಬೆಂಗಳೂರಿನ ಕಬ್ಬನ್ ಪಾರ್ಕನ್ನು 1870ರಲ್ಲಿ ರೂಪಿಸಿದವರು ಸ್ಯಾಂಕಿ. ಅದು ಅಡ್ಡಾಡಲು, ಗಾಳಿ ಸೇವಿಸಲು ಮಾಡಿದ ತೋಟ. ಆಮೇಲೆ ಆ ಹಸಿರಿನೊಳಗೇ ಸೆಂಚುರಿ ಕ್ಲಬ್ ಬಂತು, ಟೆನಿಸ್ ಅಂಗಳ ಬಂತು. ಮಕ್ಕಳಿಗಾಗಿ ಬಾಲಭವನವೂ ಬಂತು ಎನ್ನಿ. ಪಕ್ಕದ ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಆಟ ಬೆಳೆಯಿತು ನಿಜ. ಜೊತೆಗೆ ಬೇಲಿ, ಗೇಟು, ಸದಸ್ಯತ್ವದ ಕಾರ್ಡೂ ಬೆಳೆದವು. ಕಡೆಗೆ ಪಾರ್ಕು ಉಳಿಸಲು 1975ರಲ್ಲಿ ಒಂದು ಕಾನೂನು, ಆಟದ ಬಯಲು, ತೆರೆದ ಜಾಗಗಳನ್ನೂ ಸೇರಿಸಿ 1985ರಲ್ಲಿ ಇನ್ನೊಂದು ಕಾನೂನು ಮಾಡಬೇಕಾಯಿತು.

ನಮ್ಮ ಮಂಗಳೂರಿನ ನೆಹರೂ ಮೈದಾನ ಬೇರೆ ಜಾತಿಯದ್ದು. ಅದು ಹಿಂದಿನ ಸೆಂಟ್ರಲ್ ಮೈದಾನ. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಮಂಗಳೂರಿಗೆ ಬಂದಾಗ ಜನ ಸೇರಿದ್ದು ಅಲ್ಲೇ. ಫುಟ್ಬಾಲ್, ಕ್ರಿಕೆಟ್ ಆಡುವುದೂ ಅಲ್ಲೇ. ರವಿವಾರ ಒಂದು ತಂಡದ ಫೀಲ್ಡರ್ ಇನ್ನೊಂದು ತಂಡದ ಪಿಚ್ಚಿನ ಮೇಲೇ ನಿಂತಿರುತ್ತಾನೆ! ಬಂದರಿನ ಹುಡುಗನೂ ಆಡಬಹುದು, ಬ್ಯಾಂಕಿನ ಮ್ಯಾನೇಜರನ ಮಗನೂ ಆಡಬಹುದು. ಹೆಸರು ಕೇಳುವವರಿಲ್ಲ. ನಮ್ಮ ಹುಡುಗರು ಬೇರೆ ಸಮುದಾಯದವರ ಜೊತೆ ಬೆವರು ಸುರಿಸಿ ಸ್ನೇಹ ಮಾಡುವ ಜಾಗಗಳು ಈಗ ಎಷ್ಟು ಉಳಿದಿವೆ, ಹೇಳಿ?

ಈಗ ಊರೂರಲ್ಲಿ ಗಂಟೆಗೆ ಬಾಡಿಗೆಯ ಟರ್ಫ್ ಬಂದಿದೆ. ತಪ್ಪೇನಿಲ್ಲ. ಆದರೆ ದುಡ್ಡಿರುವವರು ಟರ್ಫಿಗೆ ಹೋದರೆಂದು ಊರ ಬಯಲನ್ನು ಪಾರ್ಕಿಂಗಿಗೋ ಕಟ್ಟಡಕ್ಕೋ ಬಿಟ್ಟುಕೊಟ್ಟರೆ, ಉಳಿದ ಮಕ್ಕಳ ಕೈಗೆ ಸಿಗುವುದು ಮೊಬೈಲ್ ಮಾತ್ರ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬಯಲು ಎಲ್ಲರದ್ದು ಎನ್ನುತ್ತೇವೆ, ಆದರೆ ಅಲ್ಲಿ ಕಾಣುವುದು ಹುಡುಗರೇ. ನಮ್ಮ ಹೆಣ್ಣುಮಕ್ಕಳು ಶಾಲೆ ಬಿಟ್ಟ ಮೇಲೆ ಎಲ್ಲಿ ಆಡಬೇಕು? ಶುಗರಿಗೆ ದಿನಾ ನಡೆಯಿರಿ ಎಂದು ಡಾಕ್ಟರ್ ಹೇಳಿದರೆ ಉಮ್ಮ ಎಲ್ಲಿ ನಡೆಯಬೇಕು? ಬೆಳಕಿರುವ ನಡೆದಾರಿ, ಶುಚಿಯಾದ ಶೌಚಾಲಯ, ಹೆಂಗಸರಿಗೆ ಅನುಕೂಲದ ಹೊತ್ತು, ಇಷ್ಟಿದ್ದರೆ ಅವರೂ ಬರುತ್ತಾರೆ. ಇದನ್ನು ತಡೆಯುವುದು ನಗರಸಭೆ ಮಾತ್ರ ಅಲ್ಲ. ಕೆಲವೊಮ್ಮೆ ನಮ್ಮ ಮನೆಯ ಬಾಗಿಲೂ ತಡೆಯುತ್ತದೆ.

1985ರ ಕಾನೂನಿನ ಪ್ರಕಾರ ಪಾರ್ಕು, ಆಟದ ಬಯಲುಗಳ ಪಟ್ಟಿ ಮಾಡಬೇಕಾದ್ದು ಸ್ಥಳೀಯ ಸಂಸ್ಥೆ. ನಮ್ಮ ಊರಿನ ಬಯಲು ಆ ಪಟ್ಟಿಯಲ್ಲಿ ಉಂಟಾ? ಮುಂದಿನ ವಾರ್ಡ್ ಸಭೆಯಲ್ಲಿ ನಾಲ್ಕು ಮನೆಯವರು ಸೇರಿ ಈ ಪ್ರಶ್ನೆ ಕೇಳಲಿ. ಕೇಳಲು ಹೋಗುವಾಗ ಮನೆಯ ಹೆಂಗಸರೂ ಜೊತೆಗಿರಲಿ. ಬಯಲು ಹೋದ ಮೇಲೆ ಕೊಡುವ ಮನವಿಗೆ ಕಡತದಲ್ಲಿ ಮಾತ್ರ ಜಾಗ ಸಿಗುತ್ತದೆ.