ಹೊಸ್ತಿಲಿಗೆ ಬಂದ ಸುಂಕದ ಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬುದು ನಮ್ಮ ಹಳೆಯ ಗಾದೆ. ಗಾದೆ ಹುಟ್ಟಿದ ಕಾಲದಲ್ಲಿ ಹೇಳಿಕೊಳ್ಳಲಿಕ್ಕೆ ಎದುರಿಗೆ ಒಬ್ಬ ಸುಂಕದವನಾದರೂ ಇದ್ದ. ಇಂದು ಅವನೂ ಕಣ್ಣಿಗೆ ಬೀಳುವದಿಲ್ಲ. ಮೊಬೈಲಿನಲ್ಲಿ ಪರದೇಶದ ಅಂಗಡಿಗೆ ಬೇಡಿಕೆ ಸಲ್ಲಿಸಿ, ಹಣವನ್ನೂ ಮುಂಗಡ ತೆತ್ತು, ಮಾಲಿನ ದಾರಿ ಕಾಯುವವನ ಹೊಸ್ತಿಲಿಗೆ ಟಪಾಲಿನವನೋ ಕುರಿಯರಿನವನೋ ಬಂದು, ಇನ್ನಿಷ್ಟು ಹಣ ಕೊಟ್ಟರೆ ಮಾತ್ರ ಗಂಟು ನಿಮ್ಮದು ಎನ್ನುತ್ತಾನೆ. ಯಾಕೆ, ಯಾವ ಲೆಕ್ಕ ಎಂದು ಕೇಳಿದರೆ ಅವನಿಗೂ ಗೊತ್ತಿರುವದಿಲ್ಲ.

ಲೆಕ್ಕವನ್ನು ನಾವೇ ಮಾಡಿ ನೋಡೋಣ. ತಾಂಬಾದ ಒಬ್ಬ ಹೊಲಿಗೆಯವ ತನ್ನ ಯಂತ್ರಕ್ಕೆ ಇಲ್ಲಿ ಸಿಗದ ಬಿಡಿಭಾಗವೊಂದನ್ನು 2,000 ರೂಪಾಯಿಗೆ ತರಿಸಿದನೆಂದು ಇಟ್ಟುಕೊಳ್ಳಿರಿ, ಸಾಗಾಣಿಕೆ 500. ಸುಂಕ ಬೀಳುವದು ಎರಡು ಸಾವಿರದ ಮೇಲಲ್ಲ, ಸಾಗಾಣಿಕೆಯೂ ಸೇರಿದ ಎರಡೂವರೆ ಸಾವಿರದ ಮೇಲೆ. ಸ್ವಂತ ಬಳಕೆಯ ಮಾಲಿನ ಸುಂಕವನ್ನು ಶೇಕಡಾ 20ರಿಂದ 10ಕ್ಕೆ ಇಳಿಸುವದಾಗಿ 2026ರ ಫೆಬ್ರುವರಿಯ ಮುಂಗಡಪತ್ರ ಸಾರಿತು. ಆ 10ರಂತೆ ಹಿಡಿದರೂ 250 ರೂಪಾಯಿ ಆಯಿತು. ಈಗ ಮೊತ್ತ 2,750. ಇದರ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ 495. ತೆರಿಗೆಯ ಮೇಲೆ ತೆರಿಗೆ ಎಂದರೆ ಇದೇ. ಬೇರೇನೂ ಸೇರದಿದ್ದರೂ 745 ರೂಪಾಯಿ, ಮಾಲಿನ ಬೆಲೆಯ ನೂರಕ್ಕೆ ಮೂವತ್ತೇಳು! ನಿಮ್ಮ ಪರವಾಗಿ ಸುಂಕ ಕಟ್ಟಿದೆವೆಂದು ಕುರಿಯರಿನವರು ಹಚ್ಚುವ ಸೇವಾ ಶುಲ್ಕ, ತಡವಾದರೆ ಉಗ್ರಾಣದ ಬಾಡಿಗೆ, ಇವು ಬೇರೆ. ಒಲ್ಲೆನೆಂದರೆ ಮಾಲು ಹಿಂದಕ್ಕೆ ಹೋಗುತ್ತದೆ. ಕೊಟ್ಟ ಹಣ ಮರಳಿ ಬರುವ ಖಾತ್ರಿ ಇಲ್ಲ.

ನಮ್ಮ ಸೀಮೆಗೆ ಸುಂಕ ಹೊಸದಲ್ಲ. ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತದಲ್ಲಿದ್ದಾಗ ಭೀಮೆಯ ಆಚೆಯ ಅಫಜಲಪುರ ನಿಜಾಮನ ಸೀಮೆಯಾಗಿತ್ತು. ಆ ಸಂಸ್ಥಾನದ ಸುಂಕಕ್ಕೆ ಕರೋಡಗಿರಿ ಎಂದು ಹೆಸರು. ಊರೂರಿಗಿದ್ದ ಜಕಾತಿ ನಾಕೆಗಳನ್ನೂ ಹಿರಿಯರು ಬಲ್ಲರು. ಕರ್ನಾಟಕದಲ್ಲಿ ಅವು 1979ರಲ್ಲಿ ರದ್ದಾದವು. ಆ ಕಟ್ಟೆಗಳನ್ನು ನಾವು ಹೊಗಳುತ್ತಿಲ್ಲ. ಆದರೆ ಗಾಡಿ ಹೂಡುವ ಮೊದಲೇ ವ್ಯಾಪಾರಿಗೆ ಅಲ್ಲೊಂದು ನಾಕೆ ಇದೆಯೆಂದು ಗೊತ್ತಿತ್ತು. ಲಾಭವೋ ಲುಕ್ಸಾನೋ ಲೆಕ್ಕ ಹಾಕಿ, ಒಗ್ಗದಿದ್ದರೆ ಗಾಡಿ ತಿರುಗಿಸುವ ಸ್ವಾತಂತ್ರ್ಯ ಅವನಿಗಿತ್ತು. ಇಂದಿನ ಗಿರಾಕಿಗೆ ಆ ಸ್ವಾತಂತ್ರ್ಯವೂ ಇಲ್ಲ. ಕೊಳ್ಳುವ ಮೊದಲು ತಿಳಿಸಿದರೆ ಅದು ಸುಂಕ. ಕೊಂಡ ಮೇಲೆ ತಿಳಿಸಿದರೆ ಅದು ದಂಡ.

ಆಮದು ಸುಂಕವೇ ಬೇಡವೆಂದು ನಾವು ಹೇಳುವದಿಲ್ಲ. ಪರದೇಶದ ಅಗ್ಗದ ಮಾಲು ಸುಂಕವಿಲ್ಲದೆ ನುಗ್ಗಿದರೆ ಮೊದಲು ಏಟು ಬೀಳುವದು ಗಿರಣಿ ಕಾಮಗಾರನ ಕೂಲಿಗೆ, ಆಮೇಲೆ ತೆರಿಗೆ ತೆತ್ತು ಅಂಗಡಿ ನಡೆಸುವ ಕಿರಕೋಳ ವ್ಯಾಪಾರಿಗೆ. ಹಿಂದೆ 5,000 ರೂಪಾಯಿಯ ಒಳಗಿನ ಉಡುಗೊರೆಗೆ ಸುಂಕದ ಮಾಫಿ ಇತ್ತು. ಪರದೇಶದ ಅಂತರ್ಜಾಲ ವ್ಯಾಪಾರಗಾರರು ಮಾರಾಟದ ಮಾಲಿಗೇ ಉಡುಗೊರೆ ಎಂಬ ಚೀಟಿ ಅಂಟಿಸಿ ಆ ಕಿಂಡಿಯಲ್ಲಿ ತೂರಿಸಿದರು. 2019ರ ಡಿಸೆಂಬರದಲ್ಲಿ ಸರಕಾರ ಕಿಂಡಿಯನ್ನು ಮುಚ್ಚಿತು. ಜೀವ ಉಳಿಸುವ ಔಷಧ ಮತ್ತು ರಾಖಿಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಕಳ್ಳತನವನ್ನು ತಡೆದದ್ದು ಸರಿ. ಆದರೆ ಗಲ್ಫಿನಲ್ಲಿ ದುಡಿಯುವ ಮಗ ತಾಯಿಗೆ ಕಳಿಸಿದ ಪೊಟ್ಟಣಕ್ಕೂ ಅದೇ ಬಾಗಿಲು ಮುಚ್ಚಿತು.

ಇನ್ನೊಂದು ಕಡೆ ನೋಡಿರಿ. ಪರದೇಶ ಸುತ್ತಿ ವಿಮಾನದಿಂದ ಇಳಿಯುವ ಪ್ರವಾಸಿಗೆ 2016ರ ನಿಯಮದಂತೆ 50,000 ರೂಪಾಯಿಯ ಸಾಮಾನಿಗೆ ಸುಂಕವಿರಲಿಲ್ಲ. 2026ರಲ್ಲಿ ಅದು 75,000ಕ್ಕೆ ಏರಿತು. ವಿಮಾನ ಹತ್ತಿದವನಿಗೆ ಮುಕ್ಕಾಲು ಲಕ್ಷದ ಮಾಫಿ, ಟಪಾಲನ್ನು ನಂಬಿದವನಿಗೆ ಸೊನ್ನೆ! ಇದು ಯಾವ ಸಮತೆ?

ಸಣ್ಣ ವ್ಯಾಪಾರಸ್ಥರ ಪಾಡು ಇನ್ನೂ ಕಠಿಣ. ಮರುಮಾರಾಟಕ್ಕೆ ತರಿಸಿದ ಮಾಲು ಸ್ವಂತ ಬಳಕೆಯದಾಗುವದಿಲ್ಲ. ಅದಕ್ಕೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ದೊಡ್ಡ ಆಮದುಗಾರ ತಾನು ಕಟ್ಟಿದ ಜಿಎಸ್‌ಟಿಯನ್ನು ಮುಂದಿನ ತೆರಿಗೆಯಲ್ಲಿ ವಜಾ ಹಾಕಿಕೊಳ್ಳುತ್ತಾನೆ. ಕಂಪೋಜಿಷನ್ ಪದ್ಧತಿಯ ಸಣ್ಣ ಅಂಗಡಿಕಾರನಿಗೆ ಆ ಹಕ್ಕು ಇಲ್ಲ. ಅವನು ತೆತ್ತದ್ದು ತೆತ್ತಂತೆಯೇ.

ಕಾಯಿದೆ ಇಲ್ಲವೆಂದು ಸರಕಾರ ಕೈ ಚೆಲ್ಲುವಂತಿಲ್ಲ. 2020ರ ಗ್ರಾಹಕ ರಕ್ಷಣೆ (ಇ-ವಾಣಿಜ್ಯ) ನಿಯಮಗಳು, ಸಾಗಾಣಿಕೆ, ಅಂಚೆ, ತೆರಿಗೆಗಳೆಲ್ಲ ಸೇರಿದ ಪೂರ್ಣ ಬೆಲೆಯನ್ನು ಬಿಡಿಬಿಡಿಯಾಗಿ ಮೊದಲೇ ತೋರಿಸಬೇಕೆನ್ನುತ್ತವೆ. ಭಾರತದ ಗಿರಾಕಿಗಳಿಗೆ ಕ್ರಮವಾಗಿ ಮಾರುವ ಪರದೇಶದ ಸಂಸ್ಥೆಗಳಿಗೂ ಅವು ಅನ್ವಯಿಸುತ್ತವೆ. ಕೊರತೆ ಇರುವದು ಕಾಯಿದೆಯಲ್ಲಲ್ಲ, ಜಾರಿಯಲ್ಲಿ.

ಆದ್ದರಿಂದ ನಮ್ಮ ಆಗ್ರಹಗಳು ಮೂರು. ಹಣ ತೆಗೆದುಕೊಳ್ಳುವ ಮೊದಲೇ ಆಮದು ಸುಂಕದ ಅಂದಾಜನ್ನು ಕನ್ನಡದಲ್ಲಿಯೂ ತೋರಿಸುವದು ಕಡ್ಡಾಯವಾಗಲಿ. ಕುರಿಯರಿನ ಸೇವಾ ಶುಲ್ಕಕ್ಕೆ ಸರಕಾರ ಮಿತಿ ಹಾಕಲಿ. ವರ್ಷಕ್ಕೊಮ್ಮೆಯಾದರೂ ಪ್ರತಿ ಕುಟುಂಬಕ್ಕೆ ನಿಜವಾದ ಉಡುಗೊರೆಯ ಮಾಫಿ ಮರಳಿ ಬರಲಿ.

ಅಲ್ಲಿಯವರೆಗೆ ನಮ್ಮ ಓದುಗರು ಎಚ್ಚರದಿಂದ ಇರಬೇಕು. ಮಾಲು ಎಲ್ಲಿಂದ ಬರುತ್ತದೆ, ಸುಂಕ ಯಾರ ಪಾಲು ಎಂದು ನೋಡಿಕೊಂಡೇ ಹಣ ಕೊಡಿರಿ. ಸುಂಕ ಕಟ್ಟಿದರೆ ನಿರ್ಧಾರ ಪತ್ರ ಕೇಳಿ ಪಡೆಯಿರಿ. ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಅಪೀಲು ಮಾಡಬಹುದು. ಮೋಸವಾದರೆ 1915ಕ್ಕೆ ಫೋನು ಮಾಡಿರಿ. 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಫೀ ಇಲ್ಲ. ಇನ್ನೊಂದು ಮಾತು: ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಈ ಖಾತೆಗೆ ಹಣ ಹಾಕಿರಿ ಎಂದು ಫೋನು ಬಂದರೆ ಬಿಡಿಗಾಸನ್ನೂ ಕಳಿಸಬೇಡಿರಿ. ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಖಾತೆಗೆ ಸುಂಕ ಕಟ್ಟಿಸಿಕೊಳ್ಳುವದಿಲ್ಲ.

ದುಡಿಯುವವನು ನ್ಯಾಯವಾದ ತೆರಿಗೆ ಕೊಡಲು ಎಂದೂ ಹಿಂಜರಿದವನಲ್ಲ. ಬೆಂಕಿಪೆಟ್ಟಿಗೆಯಿಂದ ಹಿಡಿದು ಬಟ್ಟೆಯವರೆಗೆ ದಿನನಿತ್ಯ ಕೊಡುತ್ತಲೇ ಇದ್ದಾನೆ. ಎಷ್ಟು ಕೊಡಬೇಕೆಂಬುದನ್ನು ಮೊದಲೇ ಹೇಳಿರಿ ಎಂಬುದಷ್ಟೇ ಅವನ ಕೇಳಿಕೆ. ಇಷ್ಟನ್ನೂ ನಡೆಸಿಕೊಡದ ಸರಕಾರಕ್ಕೆ ಸುಂಕ ಎತ್ತುವ ಅಧಿಕಾರವಿದ್ದೀತು, ನೈತಿಕ ಹಕ್ಕು ಇರಲಾರದು.