ಮೇಸ್ತ್ರಿ ಪುಸ್ತಕ ಖಾಲಿ ಇದ್ರೆ ಕೂಲಿಗೂ ಖೋತಾ, ಕಾರ್ಡ್‌ಗೂ ಕುತ್ತು

ಬೆಳಿಗ್ಗೆ ಏಳಕ್ಕೇ ಊಟದ ಡಬ್ಬಿ ಹಿಡಿದು ಸರ್ಕಲ್‌ನಲ್ಲಿ ನಿಂತ ಗಾರೆ ಕೆಲಸದವರನ್ನು ದಿನಾ ನೋಡ್ತೀವಿ. ಒಂಬತ್ತಾದ್ರೂ ಕೆಲವರು ಅಲ್ಲೇ ಇರ್ತಾರೆ. ಊರಲ್ಲಿ ಕೆಲಸ ಇರುತ್ತೆ. ಆದರೆ ಯಾವ ಸೈಟಿಗೆ ಎಷ್ಟು ಆಳು ಬೇಕು ಅನ್ನೋದನ್ನ ಮೇಸ್ತ್ರಿ ಹಿಂದಿನ ಸಂಜೆಯೇ ಲೆಕ್ಕ ಹಾಕಿರಲ್ಲ.

ಮೋಲ್ಡ್ ಹಾಕುವ ದಿನವನ್ನೇ ತಗೊಳ್ಳಿ. ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು, ವೈರಿಂಗ್ ಪೈಪ್ ಮೂರೂ ಮುಗಿಯದೆ ಕಾಂಕ್ರೀಟ್ ಸುರಿಯುವಂತಿಲ್ಲ. ಎಲೆಕ್ಟ್ರಿಷಿಯನ್ ಬರಲಿಲ್ಲ ಅಂದ್ರೆ ಇಪ್ಪತ್ತು ಆಳು ಕೂತು ಕಾಯಬೇಕು, ಮಿಲ್ಲರ್ ಬಾಡಿಗೆ ಮಾತ್ರ ನಿಲ್ಲಲ್ಲ. ಆ ನಷ್ಟ ಕೊನೆಗೆ ಬೀಳುವುದು ವಾರದ ಬಟವಾಡೆ ಮೇಲೆ. ಸಂತೆ ದಿನ ಅಂಗಡಿಯವರ ಉದ್ರಿ ಪುಸ್ತಕದಲ್ಲೂ ಅದು ಕಾಣುತ್ತೆ.

ಇನ್ನೊಂದು ಪೆಟ್ಟೂ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಬೇಕಾದರೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 1996ರ ಕಾಯ್ದೆ ಹೇಳಿದ್ದೂ ಹಾಗೆಯೇ. ನಕಲಿ ಕಾರ್ಡ್‌ಗಳನ್ನು ರದ್ದು ಮಾಡುತ್ತಿರುವ ಈ ಹೊತ್ತಲ್ಲಿ, ಐದು ಮೇಸ್ತ್ರಿಗಳ ಹತ್ತಿರ ದುಡಿದವನ 90 ದಿನಕ್ಕೆ ಸಾಕ್ಷಿ ಯಾರು? ಹಾಜರಿ ಬರೆದಿಲ್ಲ ಅಂದ್ರೆ ನಿಜವಾಗಿ ದುಡಿದವನೇ ಪರದಾಡಬೇಕು.

ಇದಕ್ಕೆ ಆ್ಯಪ್ ಏನೂ ಬೇಡ. ಸಂಜೆ ಹತ್ತು ನಿಮಿಷ ಕೂತು ನಾಳೆ ಯಾವ ಸೈಟು, ಯಾರ್ಯಾರು, ಮಾಲು ಬಂದಿದೆಯಾ ಅಂತ ಬರೆದುಕೊಂಡು, ರಾತ್ರಿಯೇ ಎಲ್ಲರಿಗೂ ಫೋನ್ ಮಾಡಿದರೆ ಆಯ್ತು. ಬೆಳಿಗ್ಗೆ ಬಂದವರ ಹೆಸರಿನ ಮುಂದೆ ಒಂದು ಗೆರೆ. ಮನೆ ಕಟ್ಟಿಸುವವರೂ ಅಡ್ವಾನ್ಸ್ ಕೊಡುವ ಮುಂಚೆ ಆ ಪುಸ್ತಕ ಒಮ್ಮೆ ತೋರಿಸಿ ಅಂತ ಕೇಳಲಿ.