ತಿದ್ದುಪಡಿಯ ದಿನಚರಿ

ಭಾಲ್ಕಿ, ಔರಾದಗಳಿಂದ ಬೀದರಕ್ಕೆ ಬಂದು ಕಂಪ್ಯೂಟರ್ ವಿದ್ಯೆಯನ್ನು ಕಲಿಯುವ ತರುಣ ತರುಣಿಯರು ಈಗ ಅನೇಕರಿರುವರು. ಅವರು ಟರ್ಮಿನಲ್ಲೆಂಬ ಕಪ್ಪು ತೆರೆಯ ಮೇಲೆ ಬರೆಯುವ ಆಜ್ಞೆಗಳು ಮನೆಯ ಹಿರಿಯರಿಗೆ ಮಂತ್ರಾಕ್ಷರಗಳಂತೆ ತೋರುವುದು ಸಹಜವು. ಅಂತಹ ಆಜ್ಞೆಗಳಲ್ಲಿ ಗಿಟ್ ಎಂಬುದರ ಸ್ವರೂಪವನ್ನು ವಾಚಕ ಮಹಾಶಯರಿಗೆ ಈ ತಿಂಗಳು ನಿವೇದಿಸುವೆವು.

ಪ್ರೋಗ್ರಾಮೆಂಬುದು ದಿನದಿನವೂ ತಿದ್ದಲ್ಪಡುವ ಬರಹವು. ನಿನ್ನೆ ಸರಿಯಾಗಿ ನಡೆದುದು ಇಂದಿನ ತಿದ್ದುಪಡಿಯಿಂದ ಕೆಟ್ಟುಹೋದರೆ ನಿನ್ನೆಯ ಪಾಠವನ್ನು ಎಲ್ಲಿ ಹುಡುಕುವುದು? ಹಲವರು ಕೂಡಿ ಬರೆದಾಗ ಯಾರು, ಎಂದು, ಏತಕ್ಕೆ ತಿದ್ದಿದರೆಂಬುದೂ ತಿಳಿಯಬೇಕಷ್ಟೆ. ಲಿನಕ್ಸನ್ನು ಆರಂಭಿಸಿದ ಲೀನಸ್ ಟೋರ್ವಾಲ್ಡ್ಸರು ಇಂತಹ ತೊಡಕುಗಳ ಪರಿಹಾರಾರ್ಥವಾಗಿ 2005ರಲ್ಲಿ ಗಿಟ್ಟನ್ನು ರಚಿಸಿದರು.

ಇದರ ಕ್ರಮವು ಸುಲಭವಾದುದು. ಕೆಲಸದ ಫೋಲ್ಡರಿನಲ್ಲಿ ‘ಗಿಟ್ ಇನಿಟ್’ ಎಂದು ಬರೆದರೆ ದಿನಚರಿಯು ಆರಂಭವಾಗುವುದು. ‘ಗಿಟ್ ಸ್ಟೇಟಸ್’ ಎಂಬುದು ಯಾವ ಫೈಲುಗಳು ಬದಲಾಗಿರುವುವೆಂದು ಹೇಳುವುದು. ‘ಗಿಟ್ ಡಿಫ್’ ಎಂಬುದು ಬದಲಾದ ಸಾಲುಗಳನ್ನೇ ತೋರಿಸುವುದು. ‘ಗಿಟ್ ಆ್ಯಡ್’ ಎಂಬುದರಿಂದ ದಾಖಲಿಸತಕ್ಕವನ್ನು ಆರಿಸಿ, ‘ಗಿಟ್ ಕಮಿಟ್’ ಎಂಬುದರಿಂದ ದಾಖಲಿಸತಕ್ಕದ್ದು. ಬರೆದವರ ಹೆಸರು, ದಿನ, ವೇಳೆಗಳೂ ಅದರಲ್ಲಿ ಸೇರುವುವು. ‘ಗಿಟ್ ಲಾಗ್’ ಎಂದರೆ ಹಿಂದಿನ ದಾಖಲೆಗಳೆಲ್ಲವೂ ಸಾಲಾಗಿ ಕಾಣುವುವು. ‘ಗಿಟ್ ರಿಸ್ಟೋರ್’ ಎಂಬುದಕ್ಕೆ ಫೈಲಿನ ಹೆಸರನ್ನು ಸೇರಿಸಿದರೆ ಕೆಟ್ಟ ಫೈಲು ಹಿಂದಿನ ರೂಪಕ್ಕೆ ಬರುವುದು. ಆದರೆ ದಾಖಲಿಸದಿದ್ದ ತಿದ್ದುಪಡಿಯು ಅದರೊಡನೆ ಅಳಿದುಹೋಗುವುದಾದ್ದರಿಂದ ಈ ಆಜ್ಞೆಯನ್ನು ವಿಚಾರಮಾಡಿಯೇ ಕೊಡಬೇಕು.

ಪ್ರತಿಯೊಂದು ಕಮಿಟ್ಟಿಗೂ ಕಾರಣವನ್ನು ತಿಳಿಸುವ ಒಂದು ವಾಕ್ಯವನ್ನು ಬರೆಯತಕ್ಕದ್ದುಂಟು. ‘ಬದಲಾಯಿಸಿದೆ’ ಎಂದಷ್ಟೇ ಬರೆಯುವುದು ವ್ಯರ್ಥವು. ‘ಬಡ್ಡಿಯ ಲೆಕ್ಕದಲ್ಲಿ ಒಂದು ತಿಂಗಳು ತಪ್ಪುತ್ತಿದ್ದುದನ್ನು ಸರಿಪಡಿಸಿದೆ’ ಎಂದು ಬರೆದರೆ ಆರು ತಿಂಗಳ ಮೇಲೆಯೂ ಉಪಯೋಗಕ್ಕೆ ಬರುವುದು. ಪಾಸ್‌ವರ್ಡುಗಳನ್ನು ಮಾತ್ರ ಎಂದಿಗೂ ದಾಖಲಿಸಲಾಗದು. ಮುಂದೆ ಫೈಲಿನಿಂದ ಅಳಿಸಿದರೂ ಹಳೆಯ ದಾಖಲೆಯಲ್ಲಿ ಅವು ಉಳಿದೇ ಇರುವುವು.

ಕಮಿಟ್ ಮಾಡಿದೊಡನೆ ಕೆಲಸವು ಸುರಕ್ಷಿತವಾಯಿತೆಂದು ಹಲವರು ಭಾವಿಸುವರು. ಅದು ತಪ್ಪು. ಆ ದಿನಚರಿಯು ಅದೇ ಯಂತ್ರದೊಳಗಿರುವುದು. ಯಂತ್ರವು ಕೆಟ್ಟರೆ ಅಥವಾ ಕಳುವಾದರೆ ಎರಡೂ ಹೋದುವು. ನಮ್ಮ ಬೀದರದಲ್ಲಿಯೇ 1472ರಲ್ಲಿ ಮಹಮೂದ್ ಗಾವಾನನು ಕಟ್ಟಿಸಿದ ಮದರಸೆಯ ಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುವರು. 1696ರಲ್ಲಿ ಮದ್ದು ಸಿಡಿದು ಆ ಕಟ್ಟಡದ ಒಂದು ಭಾಗವು ಹಾಳಾಯಿತು; ಇಂದು ಅಲ್ಲಿ ಮುರಿದ ಗೋಡೆಗಳುಂಟು, ಗ್ರಂಥಗಳಿಲ್ಲ. ಪ್ರತಿ ಮಾಡಿ ಬೇರೆಡೆಯಲ್ಲಿ ಇಟ್ಟ ಗ್ರಂಥಕ್ಕೆ ಮಾತ್ರ ಇಂತಹ ಭಯವಿಲ್ಲ. ಆದುದರಿಂದಲೇ ‘ಗಿಟ್ ಪುಶ್’ ಎಂಬುದರಿಂದ ದಾಖಲೆಗಳನ್ನು ದೂರದ ಭಂಡಾರವೊಂದಕ್ಕೆ ಕಳುಹಿಸುವ ಏರ್ಪಾಡಿರುವುದು. ಅಲ್ಲಿಂದ ‘ಗಿಟ್ ಕ್ಲೋನ್’ ಎಂಬುದರಿಂದ ಬೇರೊಂದು ಯಂತ್ರಕ್ಕೆ ಇತಿಹಾಸಸಮೇತವಾದ ಪೂರ್ಣ ಪ್ರತಿಯು ಬರುವುದು.

ವರ್ಷಾಂತ್ಯದಲ್ಲಿ ಕಾಲೇಜಿಗೆ ಒಪ್ಪಿಸತಕ್ಕ ಪ್ರಾಜೆಕ್ಟು ಒಂದೇ ರಾತ್ರಿಯಲ್ಲಿ ನಷ್ಟವಾದರೆ ಮಕ್ಕಳ ಶ್ರಮವೂ ತಂದೆತಾಯಿಗಳ ಹಣವೂ ವ್ಯರ್ಥವಾಗುವುವು. ಗೃಹಸ್ಥರು ಆಜ್ಞೆಗಳನ್ನು ಕಲಿಯದಿದ್ದರೂ ಚಿಂತೆಯಿಲ್ಲ. ಊಟದ ವೇಳೆಯಲ್ಲಿ ಎರಡು ಮಾತು ಕೇಳಿದರೆ ಸಾಕು: ‘ಇಂದು ಏನು ತಿದ್ದಿದೆಯಪ್ಪಾ, ಏತಕ್ಕೆ? ಅದರ ಇನ್ನೊಂದು ಪ್ರತಿ ಎಲ್ಲಿದೆ?’